‘ಬಣ್ಣ ಸ್ವಲ್ಪ ಬೇರೆ ಇರಬಹುದು’: ಹಾಗಾದ್ರೆ ಸೀರೆಯ ನಿಜವಾದ ಬಣ್ಣ ಯಾವುದು?

ಆನ್‌ಲೈನ್‌ನಲ್ಲಿ ಸೀರೆ ಮಾರುವವರ ಪೋಸ್ಟ್ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ. ‘ಲೈಟಿಂಗ್ ಮತ್ತು ಮೊಬೈಲ್ ಸ್ಕ್ರೀನ್‌ನಿಂದಾಗಿ ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇರಬಹುದು.’ ರಿಟರ್ನ್ ತಪ್ಪಿಸಿಕೊಳ್ಳೋ ಉಪಾಯ ಅಂತ ನಾವು ಅದನ್ನ ಓದಿ ಮುಂದೆ ಹೋಗುತ್ತೇವೆ. ಅದೂ ಇರಬಹುದು ಬಿಡಿ. ಆದರೆ ವ್ಯತ್ಯಾಸ ಅಂದರೆ ಯಾವುದಕ್ಕೂ ಯಾವುದಕ್ಕೂ? ಸೀರೆಗೆ ಅದರದ್ದೇ ಆದ ಒಂದು ಬಣ್ಣ ಇದೆ, ಫೋಟೊ ಅದನ್ನ ಕೆಡಿಸಿದೆ ಅಂತಲಾ? ಅಥವಾ ನೋಡೋರು ಇಲ್ಲದೆ ಸೀರೆಗೆ ಬಣ್ಣವೇ ಇಲ್ಲ ಅಂತಲಾ?

ಚಿಕ್ಕಪೇಟೆಯಲ್ಲಿ ಇದಕ್ಕೆ ಉತ್ತರ ಯಾವಾಗಲೋ ಸಿಕ್ಕಿದೆ. ಅಂಗಡಿಯೊಳಗೆ ಸೀರೆ ಇಷ್ಟ ಆಯಿತು ಅನ್ನೋ ಹೊತ್ತಿಗೆ ಜೊತೆಯಲ್ಲಿ ಬಂದ ಅತ್ತೆಯೋ ದೊಡ್ಡಮ್ಮನೋ ‘ಸ್ವಲ್ಪ ಹೊರಗೆ ಬೆಳಕಲ್ಲಿ ನೋಡೋಣ’ ಅನ್ನುತ್ತಾರೆ. ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಗಿಲ ಹತ್ತಿರ ಸೆರಗು ಬಿಡಿಸಿ ಹಿಡಿದು ‘ನೋಡಿ ಅಮ್ಮ, ಇದೇ ಒರಿಜಿನಲ್ ಕಲರ್’ ಅನ್ನುತ್ತಾರೆ. ಹಗಲು ಬೆಳಕು ಸುಳ್ಳು ಹೇಳಲ್ಲ ಅನ್ನೋ ನಂಬಿಕೆ ಅದು. ಮಧ್ಯಾಹ್ನದ ಬಿಸಿಲಾದರೂ ಸರಿ, ಜುಲೈ ತಿಂಗಳ ಮೋಡ ಕವಿದ ಬೆಳಕಾದರೂ ಸರಿ, ಎರಡಕ್ಕೂ ‘ಹೊರಗಿನ ಬೆಳಕು’ ಅಂತಲೇ ಹೆಸರು. ಆ ಎರಡು ಬೆಳಕು ಒಂದೇ ಅಲ್ಲ. ಇನ್ನು ಆ ಸೀರೆ ಉಡೋದು ರಿಸೆಪ್ಷನ್‌ಗೆ, ಕಲ್ಯಾಣ ಮಂಟಪದ ಎಲ್‌ಇಡಿ ದೀಪಗಳ ಕೆಳಗೆ. ಅಲ್ಲಿ ಕಾಣೋ ಬಣ್ಣ ಸುಳ್ಳು, ಬಾಗಿಲಲ್ಲಿ ಎರಡು ನಿಮಿಷ ಕಂಡದ್ದೇ ನಿಜ ಅಂತ ಯಾಕೆ ಒಪ್ಪಬೇಕು?

ರೇಷ್ಮೆಯಲ್ಲಿ ಡಬಲ್ ಶೇಡ್ ಸೀರೆ ಬರುತ್ತದಲ್ಲ, ಅದು ಈ ಪ್ರಶ್ನೆಯನ್ನ ಇನ್ನೂ ಜಟಿಲ ಮಾಡುತ್ತದೆ. ಉದ್ದಕ್ಕೆ ಹಾಯುವ ಹಾಸಿನ ನೂಲು ಒಂದು ಬಣ್ಣ, ಅಡ್ಡಕ್ಕೆ ಹಾಯುವ ಹೊಕ್ಕಿನ ನೂಲು ಇನ್ನೊಂದು. ಹಸಿರು ಹಾಸು, ನೇರಳೆ ಹೊಕ್ಕು ಅಂತ ಇಟ್ಟುಕೊಳ್ಳಿ. ಮಡಿಕೆ ಒಂದು ಕಡೆ ತಿರುಗಿದರೆ ಹಸಿರು ಹೊಡೆಯುತ್ತದೆ, ಇನ್ನೊಂದು ಕಡೆ ತಿರುಗಿದರೆ ನೇರಳೆ. ಒಂದೊಂದೇ ಎಳೆ ಬಿಡಿಸಿ ನೋಡಿದರೆ ಎರಡೂ ಬಣ್ಣದ ಎಳೆ ಸಿಗುತ್ತವೆ. ಸೀರೆಯ ಬಣ್ಣ ಯಾವುದು ಅಂದರೆ ಅಂಗಡಿಯವರು ಹೇಳೋದು ‘ಮೇಡಂ, ಅದು ತಿರುಗಿಸಿದ ಹಾಗೆ’ ಅಂತ. ಇಷ್ಟು ಸರಿಯಾದ ಉತ್ತರ ಎಷ್ಟೋ ದಪ್ಪ ಪುಸ್ತಕಗಳಲ್ಲೂ ಸಿಗಲ್ಲ.

ಬೆಂಗಳೂರಿನ ಬೀದಿ ದೀಪ ಬದಲಾದದ್ದನ್ನ ನೋಡಿದವರಿಗೆ ಇದು ಬೇರೆ ರೀತಿಯಲ್ಲಿ ಗೊತ್ತಿರುತ್ತದೆ. ಹಳೆಯ ಸೋಡಿಯಂ ದೀಪದ ಕಿತ್ತಳೆ ಬೆಳಕಿನಲ್ಲಿ ಕಡು ನೀಲಿ ಸ್ಕೂಟರ್ ಕಪ್ಪಗೆ ಕಾಣುತ್ತಿತ್ತು. ಯಾಕೆಂದರೆ ಆ ಬೆಳಕಿನಲ್ಲಿ ನೀಲಿ ಭಾಗ ತುಂಬಾ ಕಡಿಮೆ. ನೀಲಿ ಪೇಂಟ್ ವಾಪಸ್ ಕಳಿಸುವುದು ನೀಲಿ ಬೆಳಕನ್ನ. ಬರದೇ ಇರೋದನ್ನ ಅದು ಎಲ್ಲಿಂದ ಕಳಿಸಬೇಕು? ಬಿಳಿ ಎಲ್‌ಇಡಿ ಬಂದ ಮೇಲೆ ಅದೇ ಸ್ಕೂಟರ್ ಅದೇ ಬೀದಿಯಲ್ಲಿ ರಾತ್ರಿಯೂ ನೀಲಿ. ಪೇಂಟ್‌ನಲ್ಲಿ ಒಂದು ಅಣುವೂ ಬದಲಾಗಿಲ್ಲ. ಯಾವ ಬೆಳಕನ್ನ ಎಷ್ಟು ಹೀರಬೇಕು, ಎಷ್ಟು ವಾಪಸ್ ಕಳಿಸಬೇಕು ಅನ್ನೋ ಅದರ ಲೆಕ್ಕ ಹಾಗೇ ಇದೆ. ಆ ಲೆಕ್ಕವನ್ನ ಯಂತ್ರ ಅಳೆಯುತ್ತದೆ, ಗ್ರಾಫ್ ಬರೆದುಕೊಡುತ್ತದೆ. ಯಾರೂ ನೋಡದ ಕತ್ತಲ ಗೋಡೌನ್‌ನಲ್ಲೂ ಆ ಲೆಕ್ಕ ಇರುತ್ತದೆ. ಇಲ್ಲಿವರೆಗೆ ವಸ್ತುವಿನ ಪರ ವಾದ ಮಾಡೋರಿಗೆ ಜಯ.

ಆದರೆ ಆ ಗ್ರಾಫನ್ನೇ ಬಣ್ಣ ಅಂತ ಕರೆದು ಮಾತು ಮುಗಿಸೋಕೆ ಆಗಲ್ಲ. ಯಾಕೆ ಅಂತ ತಿಳಿಯಬೇಕಾದರೆ ಪೀಣ್ಯದ ಕಡೆಯ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ನೋಡುವ ಯಾರನ್ನಾದರೂ ಕೇಳಿ. ಅಲ್ಲಿ ಶೇಡ್ ಚೆಕ್ ಮಾಡೋಕೆ ಲೈಟ್ ಬಾಕ್ಸ್ ಅಂತ ಇರುತ್ತದೆ. ಒಳಗೆಲ್ಲ ಬೂದು ಬಣ್ಣ ಹೊಡೆದ ಒಂದು ಪೆಟ್ಟಿಗೆ, ಮೇಲೆ ನಾಲ್ಕೈದು ತರಹದ ದೀಪ, ಸ್ವಿಚ್ ಒತ್ತಿದರೆ ಒಂದೊಂದು ಹತ್ತುತ್ತದೆ. ಡಿ65 ಅಂದರೆ ಹಗಲು ಬೆಳಕಿನ ಲೆಕ್ಕ. ಟಿಎಲ್84 ಅಂದರೆ ಯುರೋಪಿನ ಅಂಗಡಿಗಳ ಟ್ಯೂಬ್‌ಲೈಟ್. ಎ ಅಂದರೆ ಹಳೇ ಕಾಲದ ಬಲ್ಬು. ಶರ್ಟಿನ ಬಟ್ಟೆ ಒಂದು ಕಡೆ ಡೈ ಆಗಿರುತ್ತದೆ, ಕಾಲರ್‌ನ ರಿಬ್ಬು ಇನ್ನೊಂದು ಕಡೆ, ಜಿಪ್ಪಿನ ಟೇಪು ಮತ್ತೊಂದು ಕಡೆ. ಡಿ65ರಲ್ಲಿ ಮೂರೂ ಒಂದೇ ಕಡು ನೀಲಿ, ಒಂದು ಕೂದಲಿನಷ್ಟೂ ಫರಕ್ ಇಲ್ಲ. ಸ್ವಿಚ್ ಒತ್ತಿ ಟಿಎಲ್84ಕ್ಕೆ ಹೋದ ತಕ್ಷಣ ಕಾಲರ್ ಕೆಂಪಿನ ಕಡೆ ತಿರುಗುತ್ತದೆ, ಜಿಪ್ಪು ಹಸಿರಿನ ಕಡೆ ವಾಲುತ್ತದೆ. ಪೂರ್ತಿ ಲಾಟ್ ರಿಜೆಕ್ಟ್.

ಇಲ್ಲಿ ಏನಾಯಿತು? ಮೂರು ಬಟ್ಟೆಯ ಗ್ರಾಫ್ ಮೊದಲಿನಿಂದಲೂ ಬೇರೆ ಬೇರೆಯೇ. ಬೇರೆ ಡೈ, ಬೇರೆ ಲೆಕ್ಕ. ನಮ್ಮ ಕಣ್ಣಿಗೆ ಅದು ಡಿ65ರಲ್ಲಿ ಗೊತ್ತಾಗಲಿಲ್ಲ ಅಷ್ಟೇ. ಕಣ್ಣಿನ ಹಿಂಭಾಗದಲ್ಲಿ ಬಣ್ಣ ಹಿಡಿಯುವ ಕೋಶಗಳು ಮೂರು ಜಾತಿ. ಒಂದೊಂದೂ ಬೆಳಕಿನ ತನ್ನ ಪಾಲನ್ನ ಕೂಡಿಸಿ ಒಂದೇ ಒಂದು ಮೊತ್ತವನ್ನ ಮುಂದಕ್ಕೆ ಕಳಿಸುತ್ತದೆ. ಎಸ್‌ಎಸ್‌ಎಲ್‌ಸಿಯಲ್ಲಿ ಇಬ್ಬರಿಗೆ ಒಂದೇ ಟೋಟಲ್ ಬಂದಿದೆ ಅಂತಿಟ್ಟುಕೊಳ್ಳಿ, ಒಬ್ಬನಿಗೆ ಗಣಿತದಲ್ಲಿ ಜಾಸ್ತಿ, ಇನ್ನೊಬ್ಬನಿಗೆ ಕನ್ನಡದಲ್ಲಿ; ಟೋಟಲ್ ಮಾತ್ರ ನೋಡೋರಿಗೆ ಇಬ್ಬರೂ ಒಂದೇ. ಕಣ್ಣು ಅಂಥ ಮೂರು ಟೋಟಲ್ ಮಾತ್ರ ನೋಡುತ್ತದೆ. ಬೆಳಕು ಬದಲಾದರೆ ವಿಷಯವಾರು ಅಂಕ ಬದಲಾಗುತ್ತವೆ, ಟೋಟಲ್ ಹೊಂದದೇ ಹೋಗುತ್ತದೆ.

ನನ್ನ ಪ್ರಕಾರ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ. ವ್ಯತ್ಯಾಸಗಳು ವಸ್ತುವಿನವು. ಯಾವ ವ್ಯತ್ಯಾಸವನ್ನ ಲೆಕ್ಕಕ್ಕೆ ತಗೊಳ್ಳೋದು, ಯಾವುದನ್ನ ಬಿಡೋದು, ಯಾವ ಎರಡನ್ನ ‘ಒಂದೇ’ ಅಂತ ಒಟ್ಟಿಗೆ ಸೇರಿಸೋದು ಅನ್ನೋದು ನೋಡುವವರ ಕಣ್ಣಿನ ಕೆಲಸ. ಬಣ್ಣ ಅಂತ ನಾವು ಕರೆಯೋದು ಈ ಗುಂಪುಗಳನ್ನ.

ನಿಮ್ಮ ಫೋನಿನಲ್ಲೇ ಇದನ್ನ ನೋಡಬಹುದು. ನವೆಂಬರ್ ಬಂದರೆ ಅರ್ಧ ಊರಿನ ಡಿಪಿ ಹಳದಿ-ಕೆಂಪು ಬಾವುಟ ಆಗುತ್ತದಲ್ಲ, ಆ ಸ್ಕ್ರೀನಿನಲ್ಲಿ ಹಳದಿ ಬೆಳಕಿನ ಚುಕ್ಕಿಯೇ ಇಲ್ಲ. ಕೆಂಪು, ಹಸಿರು, ನೀಲಿ ಮೂರೇ. ಕೆಂಪು ಮತ್ತು ಹಸಿರು ಒಟ್ಟಿಗೆ ಹತ್ತಿದಾಗ ನಮಗೆ ಹಳದಿ. ಅದೇ ಬಾವುಟದ ಹಳದಿ ಬಟ್ಟೆ ಬಿಸಿಲಲ್ಲಿ ಹಸಿರು, ಹಳದಿ, ಕಿತ್ತಳೆ, ಕೆಂಪು ಎಲ್ಲವನ್ನೂ ವಾಪಸ್ ಕಳಿಸಿ ನೀಲಿಯನ್ನ ಮಾತ್ರ ನುಂಗುತ್ತದೆ. ಸೋಡಿಯಂ ಆವಿಯ ಬೆಳಕಿನಲ್ಲಿ ಮುಖ್ಯವಾದದ್ದು ಸುಮಾರು 589 ನ್ಯಾನೊಮೀಟರ್ ತರಂಗಾಂತರದ ಹಳದಿ. ಮೂರೂ ಭೌತಿಕವಾಗಿ ಬೇರೆ ಬೇರೆ. ನಮಗೆ ಮೂರೂ ಹಳದಿಯ ಮನೆಯವೇ. ಕಬ್ಬನ್ ಪಾರ್ಕಿನ ಗಿಳಿಗೆ ನಾಲ್ಕು ಜಾತಿಯ ಬಣ್ಣದ ಕೋಶಗಳಿವೆ. ಫೋನಿನ ಬಾವುಟ ಮತ್ತು ಬಟ್ಟೆಯ ಬಾವುಟ ಅದಕ್ಕೆ ಒಂದೇ ಬಣ್ಣ ಅನ್ನಿಸದೇ ಇರುವ ಸಾಧ್ಯತೆಯೇ ಜಾಸ್ತಿ. ಗಿಳಿ ತಪ್ಪು, ನಾವು ಸರಿ ಅಂತ ಹೇಳೋಕೆ ಯಾವ ಆಧಾರವೂ ಇಲ್ಲ.

ಹಾಗಾದರೆ ಬಟ್ಟೆ ಉದ್ಯಮದಲ್ಲಿ ಬಣ್ಣಕ್ಕೆ ನಂಬರ್ ಕೊಡುತ್ತಾರಲ್ಲ, ಎರಡು ಶೇಡ್ ನಡುವಿನ ಅಂತರ ಇಷ್ಟು ಅಂತ ಯಂತ್ರವೇ ಹೇಳುತ್ತದಲ್ಲ, ಅದರಲ್ಲಿ ಮನುಷ್ಯ ಎಲ್ಲಿದ್ದಾನೆ? ನಂಬರಿನ ಒಳಗೇ ಇದ್ದಾನೆ. 1931ರಲ್ಲಿ ಬಣ್ಣದ ಅಂತರರಾಷ್ಟ್ರೀಯ ಅಳತೆ ನಿಗದಿ ಮಾಡುವಾಗ ‘ಪ್ರಮಾಣಿತ ವೀಕ್ಷಕ’ ಅಂತ ಒಬ್ಬನನ್ನ ಸೃಷ್ಟಿ ಮಾಡಿದರು. ಅವನ ಕಣ್ಣು ಬಂದದ್ದು ಇಂಗ್ಲೆಂಡಿನ ಎರಡು ಪ್ರಯೋಗಗಳಿಂದ. ಡೇವಿಡ್ ರೈಟ್ 10 ಜನರನ್ನ ಕೂರಿಸಿ ಬಣ್ಣ ಹೊಂದಿಸೋಕೆ ಹೇಳಿದ್ದರು, ಜಾನ್ ಗಿಲ್ಡ್ 7 ಜನರನ್ನ. ಹದಿನೇಳು ಜನರ ಕಣ್ಣಿನ ಸರಾಸರಿ! 1964ರಲ್ಲಿ ಇನ್ನೂ ಜಾಸ್ತಿ ಜನರ ಲೆಕ್ಕದಿಂದ ಮತ್ತೊಬ್ಬ ವೀಕ್ಷಕ ಬಂದ, ಬಟ್ಟೆಯವರು ಈಗ ಹೆಚ್ಚಾಗಿ ಬಳಸೋದು ಅವನನ್ನೇ. ಯಂತ್ರ ಗ್ರಾಫ್ ಅಳೆಯುವಾಗ ಮನುಷ್ಯ ಬೇಕಿಲ್ಲ. ಗ್ರಾಫನ್ನ ಬಣ್ಣದ ನಂಬರ್ ಮಾಡುವಾಗ ಈ ಸರಾಸರಿ ಮನುಷ್ಯ ಬಂದು ಕೂರುತ್ತಾನೆ.

ಬಿಳಿ ಬಣ್ಣದ ವಿಷಯ ಇನ್ನೂ ಮಜಾ. ಬಿಳಿ ಪಂಚೆಗೆ ನೀಲಿ ಹಾಕಿ ಅದ್ದಿದರೆ ಅದು ಮೊದಲಿಗಿಂತ ಕಡಿಮೆ ಬೆಳಕನ್ನ ವಾಪಸ್ ಕಳಿಸುತ್ತದೆ, ಆದರೆ ಮೊದಲಿಗಿಂತ ಬೆಳ್ಳಗೆ ಕಾಣುತ್ತದೆ. ಹಳದಿ ಛಾಯೆ ಹೋದರೆ ಸಾಕು, ಕಣ್ಣಿಗೆ ಅದೇ ಬಿಳುಪು. ರುಚಿಯಲ್ಲೂ ಹೀಗೇ. 1931ರಲ್ಲಿ ಅಮೆರಿಕದ ಡ್ಯುಪಾಂಟ್ ಲ್ಯಾಬಿನಲ್ಲಿ ಆರ್ಥರ್ ಫಾಕ್ಸ್ ಒಂದು ಪುಡಿ ಸುರಿಯುವಾಗ ದೂಳು ಹಾರಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಕಹಿ ಕಹಿ ಅಂದರು, ಫಾಕ್ಸ್‌ಗೆ ಏನೂ ರುಚಿಯೇ ಇಲ್ಲ. ಆ ವ್ಯತ್ಯಾಸಕ್ಕೆ ಬಹುಪಾಲು ಕಾರಣ ಒಂದು ಜೀನ್ ಅಂತ 2003ರಲ್ಲಿ ಗೊತ್ತಾಯಿತು. ಪುಡಿಯ ಅಣು ಇಬ್ಬರಿಗೂ ಒಂದೇ. ಕಹಿ ಒಬ್ಬರಿಗೆ ಮಾತ್ರ.

ಇದನ್ನ ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ಗೆಲಿಲಿಯೊ ಒಬ್ಬ. ರುಚಿ, ವಾಸನೆ, ಬಣ್ಣ ಎಲ್ಲ ಅನುಭವಿಸೋರಲ್ಲಿ ಮಾತ್ರ ಇರೋದು, ಅವರನ್ನ ತೆಗೆದುಬಿಟ್ಟರೆ ಇವೂ ಇಲ್ಲ ಅಂತ 1623ರಲ್ಲೇ ಬರೆದ. ಆಮೇಲೆ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಪಟ್ಟಿ ಎರಡು ಮಾಡಿದ. ಆಕಾರ, ಗಾತ್ರ, ಚಲನೆ ವಸ್ತುವಿನವು; ಬಣ್ಣ, ರುಚಿ ನಮ್ಮಲ್ಲಿ ಹುಟ್ಟೋವು. 1710ರಲ್ಲಿ ಐರ್ಲೆಂಡಿನ ತತ್ವಜ್ಞಾನಿ ಬರ್ಕ್ಲಿ ಬಂದು, ಎರಡನೇ ಪಟ್ಟಿಗೆ ಹೇಳಿದ ವಾದ ಮೊದಲನೇ ಪಟ್ಟಿಗೂ ಹೊಂದುತ್ತದಲ್ಲ ಅಂದ. ಹತ್ತಿರದಿಂದ ದೊಡ್ಡದು, ದೂರದಿಂದ ಸಣ್ಣದು. ಹಾಗಾಗಿ ಕಾಣೋದೇ ಇರೋದು ಅಂತ ತೀರ್ಮಾನ ಮಾಡಿಬಿಟ್ಟ. ಇದು ಒಂದು ಹೆಜ್ಜೆ ಜಾಸ್ತಿ ಆಯಿತು.

ನಮ್ಮ ಕಡೆ ಈ ಜಗಳ ಅದಕ್ಕಿಂತ ನೂರಾರು ವರ್ಷ ಹಳೆಯದು. ಹೊರಗೆ ವಸ್ತುವೇ ಇಲ್ಲ, ಅರಿವೇ ಹೊರಗಿನದರ ಹಾಗೆ ಕಾಣುತ್ತದೆ ಅನ್ನೋದು ವಿಜ್ಞಾನವಾದಿ ಬೌದ್ಧರ ವಾದ (ಇಲ್ಲಿ ವಿಜ್ಞಾನ ಅಂದರೆ ಅರಿವು). ಜಗತ್ತು ಮಿಥ್ಯೆ ಅನ್ನೋ ಶಂಕರರು ಇದನ್ನ ಒಪ್ಪುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲ. ಬ್ರಹ್ಮಸೂತ್ರ ಭಾಷ್ಯದ ಎರಡನೇ ಅಧ್ಯಾಯದಲ್ಲಿ ಅವರು ಇದನ್ನ ಚೆನ್ನಾಗಿ ಜಾಡಿಸುತ್ತಾರೆ. ಕಂಬ, ಗೋಡೆ ಕಾಣುವಾಗ ಯಾರೂ ತಮ್ಮ ಅರಿವನ್ನೇ ಕಂಬ ಅಂತ ಕಾಣಲ್ಲ, ಅರಿವಿಗೆ ವಿಷಯವಾದ ಕಂಬವನ್ನ ಕಾಣುತ್ತಾರೆ ಅನ್ನುತ್ತಾರೆ. ಹೊರಗೆ ಏನೂ ಇಲ್ಲದಿದ್ದರೆ ‘ಹೊರಗಿನದರ ಹಾಗೆ’ ಅನ್ನೋಕಾದರೂ ಹೇಗೆ ಬಂತು, ವಿಷ್ಣುಮಿತ್ರ ಅನ್ನೋ ಒಬ್ಬ ಬಂಜೆಯ ಮಗನ ಹಾಗಿದ್ದಾನೆ ಅಂತ ಯಾರಾದರೂ ಹೇಳುತ್ತಾರಾ ಅಂತ ಕೇಳುತ್ತಾರೆ. ವ್ಯವಹಾರದ ಮಟ್ಟದಲ್ಲಿ ಕಂಬ ಕಂಬವೇ. ಇನ್ನು ಉಡುಪಿಯ ಮಧ್ವಾಚಾರ್ಯರದು ನೇರ ಮಾತು: ಜಗತ್ತು ಸತ್ಯ, ವಸ್ತು ವಸ್ತುವಿನ ನಡುವಿನ ಭೇದವೂ ಸತ್ಯ. ಭೇದ ಸತ್ಯ ಅನ್ನೋ ಮಾತಿಗೆ ಲೈಟ್ ಬಾಕ್ಸಿನ ಮುಂದೆ ನಿಂತವರೂ ತಲೆದೂಗಬೇಕು. ಎರಡು ಬಟ್ಟೆಯ ಭೇದ ಯಾರಿಗೂ ಕಾಣದಿದ್ದಾಗಲೂ ಇತ್ತು.

ಬರ್ಕ್ಲಿಯ ಜಾಸ್ತಿ ಆದ ಹೆಜ್ಜೆಗೆ ಲಾಲ್‌ಬಾಗಿನ ಬಂಡೆ ಸಾಕು. ಕೆಂಪೇಗೌಡರ ಗೋಪುರ ಇರೋ ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಕಣ್ಣು ಅಂತ ಹೇಳಬಹುದಾದ ಅಂಗ ಭೂಮಿ ಮೇಲೆ ಬಂದು ಸುಮಾರು 54 ಕೋಟಿ ವರ್ಷ ಆಗಿರಬಹುದು. ಅದಕ್ಕೂ ಮುಂಚಿನ ಅಷ್ಟು ಕೋಟಿ ವರ್ಷ ಬಂಡೆಗೆ ಭಾರ ಇರಲಿಲ್ಲವಾ, ಗಡಸುತನ ಇರಲಿಲ್ಲವಾ? ಇತ್ತು. ಅದರೊಳಗಿನ ಯುರೇನಿಯಂ ಯಾರ ಕಾವಲೂ ಇಲ್ಲದೆ ಸೀಸ ಆಗುತ್ತಾ ಬಂತು. ಇಂಥ ಬಂಡೆಗಳ ವಯಸ್ಸು ಹೇಳೋದೇ ಆ ಲೆಕ್ಕದಿಂದ. ಬೂದು ಬಣ್ಣ ಇತ್ತಾ ಅಂತ ಕೇಳಿದರೆ ಉತ್ತರ ಎರಡು ತುಂಡಾಗಬೇಕು. ಬಿದ್ದ ಬೆಳಕಿನಲ್ಲಿ ಎಷ್ಟು ವಾಪಸ್ ಹೋಗುತ್ತದೆ ಅನ್ನೋದು ಇತ್ತು. ಅದನ್ನ ಆನೆ ಚರ್ಮದ ಜೊತೆ, ಸಿಮೆಂಟ್ ಗೋಡೆಯ ಜೊತೆ ಒಂದೇ ಗುಂಪಿಗೆ ಹಾಕೋರು ಇರಲಿಲ್ಲ.

ಇಲ್ಲಿ ಒಂದು ಗೊಂದಲ ತುಂಬಾ ಸಲ ಆಗುತ್ತದೆ. ಒಂದು ಗುಣ ಬೇರೆ ಯಾವುದನ್ನೋ ಅವಲಂಬಿಸಿದೆ ಅಂದ ತಕ್ಷಣ ಅದು ನಮ್ಮ ಮನಸ್ಸಿನದು ಅಂತ ತೀರ್ಮಾನ ಆಗಿಬಿಡುತ್ತದೆ. ಮೆಟ್ರೊದಲ್ಲಿ ಕೂತವರ ವೇಗ ಎಷ್ಟು? ಪಕ್ಕದ ಸೀಟಿಗೆ ಹೋಲಿಸಿದರೆ ಸೊನ್ನೆ, ಕೆಳಗಿನ ರಸ್ತೆಗೆ ಹೋಲಿಸಿದರೆ ಗಂಟೆಗೆ ಹತ್ತಾರು ಕಿಲೋಮೀಟರ್. ಯಾವುದಕ್ಕೆ ಹೋಲಿಸಿ ಅಂತ ಹೇಳದೆ ವೇಗಕ್ಕೆ ಅರ್ಥ ಇಲ್ಲ. ಹಾಗಂತ ಕಣ್ಣು ಮುಚ್ಚಿ ನಿದ್ದೆ ಮಾಡಿದರೆ ವೇಗ ನಿಲ್ಲಲ್ಲ. 1905ರಲ್ಲಿ ಐನ್‌ಸ್ಟೈನ್ ಉದ್ದವನ್ನೂ ಕಾಲವನ್ನೂ ಇದೇ ಸಾಲಿಗೆ ಸೇರಿಸಿದರು. ಲಾಕ್‌ನ ಮೊದಲನೇ ಪಟ್ಟಿಯ ಗಾತ್ರವೂ ಸಂಬಂಧದ ಗುಣ ಆಗಿಹೋಯಿತು. ಅಲ್ಲೂ ಮನಸ್ಸಿಗೆ ಯಾವ ಪಾತ್ರವೂ ಇಲ್ಲ.

ಈ ಗೊಂದಲ ಈಗ ಜಾಸ್ತಿ ಆಗಿರೋದು ಕ್ವಾಂಟಂ, ಅಂದರೆ ಅತಿ ಸಣ್ಣ ಕಣಗಳ ಭೌತಶಾಸ್ತ್ರದ ಹೆಸರಿನಲ್ಲಿ. 2025 ವಿಶ್ವಸಂಸ್ಥೆಯ ಕ್ವಾಂಟಂ ವರ್ಷವಾಗಿತ್ತು. 2023ರಲ್ಲಿ ಕೇಂದ್ರ ಒಪ್ಪಿದ 6,003 ಕೋಟಿಗೂ ಮೇಲಿನ ಕ್ವಾಂಟಂ ಮಿಷನ್‌ನಲ್ಲಿ ಕಂಪ್ಯೂಟಿಂಗ್ ಕೇಂದ್ರ ನಮ್ಮ ಐಐಎಸ್‌ಸಿಗೆ ಬಂದಿದೆ. ಜೊತೆಗೇ ವಾಟ್ಸ್‌ಆ್ಯಪ್ ಫಾರ್ವರ್ಡ್‌ಗಳೂ ಬಂದಿವೆ. ‘ನೋಡದಿದ್ದರೆ ಚಂದ್ರನೇ ಇಲ್ಲ, ನೊಬೆಲ್ ಬಂದಿದೆ ನೋಡಿ’ ಅನ್ನೋ ಧಾಟಿಯಲ್ಲಿ. 2022ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಆಸ್ಪೆ, ಕ್ಲೌಸರ್, ಜೈಲಿಂಗರ್ ಅವರಿಗೆ. ಅವರು ಪರೀಕ್ಷೆ ಮಾಡಿದ್ದು ಭೌತವಿಜ್ಞಾನಿ ಜಾನ್ ಬೆಲ್ 1964ರಲ್ಲಿ ಕೊಟ್ಟ ಒಂದು ಲೆಕ್ಕವನ್ನ. ಒಟ್ಟಿಗೆ ಹುಟ್ಟಿ ದೂರ ಹೋದ ಎರಡು ಕಣಗಳಿಗೆ, ನಾವು ಮಾಡಬಹುದಾದ ಪ್ರತಿಯೊಂದು ಅಳತೆಗೂ ಉತ್ತರ ಮೊದಲೇ ನಿಗದಿಯಾಗಿದ್ದರೆ, ಒಂದರ ಮೇಲೆ ಮಾಡಿದ್ದು ಇನ್ನೊಂದಕ್ಕೆ ಬೆಳಕಿಗಿಂತ ವೇಗವಾಗಿ ತಲುಪದಿದ್ದರೆ, ಎರಡರ ಫಲಿತಾಂಶ ಎಷ್ಟು ಹೊಂದುತ್ತವೆ ಅಂತ ಹೇಳುವ ಒಂದು ಮೊತ್ತ 2 ದಾಟಬಾರದು. ಪ್ರಯೋಗದಲ್ಲಿ ದಾಟುತ್ತದೆ. ಕ್ವಾಂಟಂ ಲೆಕ್ಕದಲ್ಲಿ ಅದು 2.83ರವರೆಗೆ ಹೋಗಬಹುದು. 2015ರಲ್ಲಿ ಅನುಮಾನಕ್ಕೆ ಇದ್ದ ಸಂದುಗೊಂದು ಮುಚ್ಚಿ ಮಾಡಿದ ಪ್ರಯೋಗಗಳಲ್ಲೂ ದಾಟಿತು.

ಅಂದರೆ ಎಲ್ಲ ಉತ್ತರಗಳನ್ನೂ ಜೇಬಿನಲ್ಲಿಟ್ಟುಕೊಂಡು ಕಣ ಹೊರಡುತ್ತದೆ, ದೂರದಿಂದ ಅದರ ಮೇಲೆ ಯಾವ ಪ್ರಭಾವವೂ ಇಲ್ಲ ಅನ್ನೋ ಜೋಡಿ ನಂಬಿಕೆ ಬಿತ್ತು. ಇದು ಸಣ್ಣ ವಿಷಯ ಅಲ್ಲವೇ ಅಲ್ಲ. ಬೀದಿ ದೀಪದ ಕೆಳಗಿನ ಸ್ಕೂಟರ್‌ಗಿಂತ ತುಂಬಾ ಆಳದ ಪೆಟ್ಟು ಇದು. ಸ್ಕೂಟರ್ ವಿಷಯದಲ್ಲಿ ಕನಿಷ್ಠ ಆ ಗ್ರಾಫ್ ಮೊದಲೇ ಇತ್ತು. ಇಲ್ಲಿ ಅಂಥ ಗ್ರಾಫನ್ನೇ ಸುಲಭವಾಗಿ ಊಹಿಸೋಕೆ ಆಗಲ್ಲ. ಆದರೆ ಈ ಪ್ರಯೋಗಗಳಲ್ಲಿ ‘ನೋಡೋದು’ ಅಂದರೆ ಡಿಟೆಕ್ಟರ್ ಕ್ಲಿಕ್ ಅನ್ನೋದು. ಲ್ಯಾಬಿನಲ್ಲಿ ಯಾರೂ ಇಲ್ಲದೆ ರಾತ್ರಿಯಿಡೀ ಕಂಪ್ಯೂಟರ್ ದಾಖಲು ಮಾಡಿಕೊಂಡರೂ ಮೊತ್ತ 2 ದಾಟುತ್ತದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಒಂಟಿ ಬೆಳಕಿನ ಕಣಗಳ ಮೇಲೆ ಇದರ ಸೋದರ ಪ್ರಯೋಗ ನಡೆದು 2022ರಲ್ಲಿ ಪ್ರಕಟವಾಯಿತು. ಅಲ್ಲೂ ಎಣಿಸಿದ್ದು ಡಿಟೆಕ್ಟರ್. ಅಂದಹಾಗೆ ಸಿ.ವಿ. ರಾಮನ್ ತಮ್ಮ ಕೊನೆಯ ವರ್ಷಗಳಲ್ಲಿ ಅದೇ ಸಂಸ್ಥೆಯಲ್ಲಿ ಕೂತು ತಲೆಕೆಡಿಸಿಕೊಂಡದ್ದು ಹೂವಿನ ಬಣ್ಣ ಮತ್ತು ಕಣ್ಣಿನ ಬಗ್ಗೆ. ಚಂದ್ರನ ವಿಷಯಕ್ಕೆ ಬಂದರೆ, ಅವನ ಮೇಲೆ ಬಿಸಿಲು ಬೀಳುತ್ತಲೇ ಇದೆ, ಕಣಗಳು ಬಡಿಯುತ್ತಲೇ ಇವೆ. ಅಷ್ಟು ದೊಡ್ಡ ವಸ್ತು ಎಲ್ಲಿದೆ ಅನ್ನೋದು ತೀರ್ಮಾನ ಆಗೋಕೆ ನಾವು ತಾರಸಿ ಹತ್ತಬೇಕಿಲ್ಲ.

ಇದೆಲ್ಲ ಸುಮ್ನೆ ತಲೆಹರಟೆ ಅನ್ನೋರಿಗೆ ಆರ್‌ಟಿಒ ಉದಾಹರಣೆ ಕೊಡಬಹುದು. ಕೆಂಪು-ಹಸಿರು ಬೇರೆ ಮಾಡಿ ನೋಡೋಕೆ ಆಗದವರಿಗೆ ಲೈಸೆನ್ಸ್ ಸಿಗುವುದೇ ಕಷ್ಟವಾಗಿತ್ತು. ಕೆಂಪು ಕೆಂಪೇ, ಹಸಿರು ಹಸಿರೇ, ಕಾಣದಿದ್ದರೆ ನಿನ್ನ ಕಣ್ಣಿನ ದೋಷ ಅನ್ನೋ ನಿಲುವು ಅದು. ಆದರೆ ಕೆಂಪು-ಹಸಿರು ಅನ್ನೋ ಗುಂಪೇ ಮೂರು ಕೋಶದ ಕಣ್ಣಿಗೆ ಹೊಂದಿಸಿ ಮಾಡಿದ್ದು ಅಂತ ಗೊತ್ತಾದರೆ ಬೇರೆ ದಾರಿ ಕಾಣುತ್ತದೆ. ದೀಪವನ್ನೇ ಬದಲಾಯಿಸಬಹುದು. ಸಿಗ್ನಲ್‌ನ ಹಸಿರಿಗೆ ಸ್ವಲ್ಪ ನೀಲಿ ಛಾಯೆ ಕೊಡೋದು ಇದಕ್ಕೇ. ಎರಡು ಜಾತಿಯ ಕೋಶಗಳಿಂದ ನೋಡೋರಿಗೂ ಅದು ಕೆಂಪಿನಿಂದ ಬೇರೆಯಾಗಿ ಕಾಣುತ್ತದೆ. ಮೇಲೆ ಕೆಂಪು, ಕೆಳಗೆ ಹಸಿರು ಅನ್ನೋ ಕ್ರಮ ಅಂತೂ ಬಣ್ಣವೇ ಕಾಣದವರಿಗೂ ಸಾಕು. 2020ರ ಜೂನ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿ, ಸಾಧಾರಣ ಮಟ್ಟದವರೆಗಿನ ಬಣ್ಣಗುರುಡು ಇರುವವರಿಗೂ ಲೈಸೆನ್ಸ್ ಕೊಡೋಕೆ ಅವಕಾಶ ಮಾಡಿತು. ಎದುರಿಂದ ಬರೋ ಲಾರಿಯ ತೂಕ, ಬ್ರೇಕ್ ಹಿಡಿಯೋ ದೂರ ಇಂಥವನ್ನ ಯಾವ ಸಚಿವಾಲಯವೂ ತಿದ್ದೋಕೆ ಆಗಲ್ಲ, ಅಲ್ವಾ?